ಬೋರಲಿಂಗ ತರಕಾರಿ ರೇಟು ಬರೆದದ್ದು

ಪೆದ್ದರು ಎಲ್ಲ ಊರಲ್ಲೂ ಇರುತ್ತಾರೆ, ನಿಮ್ಮ ಬೀದಿಯಲ್ಲೂ ಒಬ್ಬ ಇದ್ದಾನು. ಆದರೆ ನಮ್ಮ ಕೋಟೆಪೇಟೆಯ ಬೋರಲಿಂಗನ ದಾರಿಯೇ ಬೇರೆ. ಅವನು ಮಾತು ಕೇಳದೆ ಕೆಟ್ಟವನಲ್ಲ, ಕೇಳಿ ಕೆಟ್ಟವನು. ಏನು ಹೇಳಿದರೆ ಅದು. ಹೇಳಿದಷ್ಟೇ, ಹೇಳಿದ ಹಾಗೇ. ಒಂದು ಕೂದಲೆಳೆ ಆಚೆಯೂ ಇಲ್ಲ, ಈಚೆಯೂ ಇಲ್ಲ.

ಅವನ ತಾಯಿ ದ್ಯಾವೀರಮ್ಮ. ಒಂದು ದಿನ ಅವಳು "ಹಾಲು ಉಕ್ಕುತ್ತೆ, ನೋಡ್ತಿರು" ಅಂತ ಹೇಳಿ ನಲ್ಲಿಗೆ ಹೋದಳು. ಕೊಡ ತುಂಬಿಸಿಕೊಂಡು ಬಂದರೆ ಒಲೆ ಆರಿದೆ, ಹಾಲು ನೆಲದ ಮೇಲೆ ಹರಿದಿದೆ, ಮಗ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತಿದ್ದಾನೆ.

"ಏನ್ಲಾ ಮಾಡ್ತಿದ್ದೆ?"

"ನೋಡ್ತಿದ್ದೆ ಕಣಮ್ಮ. ಚೆನ್ನಾಗಿ ಉಕ್ತು!"

"ಎಂಥ ಪೆದ್ದನ್ನ ಹೆತ್ತೆನಪ್ಪ ಶಿವನೇ!" ಅಂತ ಹಣೆ ಹಣೆ ಚಚ್ಚಿಕೊಂಡಳು. ದಿನಕ್ಕೊಂದು ಸಲವಾದರೂ ಅವಳು ಹಾಗೆ ಚಚ್ಚಿಕೊಳ್ಳುತ್ತಿದ್ದಳು.

ಮಗನಿಗೆ ಇಪ್ಪತ್ತೆಂಟು ತುಂಬಿತ್ತು. ಹೋಟೆಲಲ್ಲಿ ಮೂರು ದಿನ ನಿಂತ, ಬಟ್ಟೆ ಅಂಗಡಿಯಲ್ಲಿ ಅರ್ಧ ದಿನ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಕಸಪೊರಕೆ ಹಿಡಿದು ಸಾಕಿದವಳು ದ್ಯಾವೀರಮ್ಮ. ಈಗ ಅವಳ ಮಂಡಿ ಹೋಗಿತ್ತು. ಬರುವ ತಿಂಗಳು ಕೆಲಸವೂ ಹೋಗುವುದಿತ್ತು. ಆಮೇಲೆ ಇವನಿಗೆ ಅನ್ನ ಹಾಕುವವರು ಯಾರು? ಗುಡಿಸುವಾಗಲೂ ಅದೇ ಚಿಂತೆ, ಉಣ್ಣುವಾಗಲೂ ಅದೇ ಚಿಂತೆ.

ಅವಳು ಗುಡಿಸುತ್ತಿದ್ದದ್ದು ನಗರದ ದರ ಕಚೇರಿಯನ್ನು. ಊರಿನ ಅಂಗಡಿಗಳಲ್ಲಿ ಯಾವ ತರಕಾರಿ ಎಷ್ಟಕ್ಕೆ ಹೋಗುತ್ತಿದೆ ಅಂತ ದಿನಾ ಹನ್ನೆರಡು ತರಕಾರಿಯ ಪಟ್ಟಿ ಮಾಡಿ ಮೇಲಿನ ಆಫೀಸಿಗೆ ಕಳಿಸುವುದು, ಹೊರಗಿನ ಕರೀ ಬೋರ್ಡಿನ ಮೇಲೂ ಬರೆಸುವುದು, ಇದು ಆ ಕಚೇರಿಯ ಕೆಲಸ. ಮೇಲಿನವರು ಅದನ್ನು ನೋಡಿ ಊರಲ್ಲಿ ಬದುಕು ತುಟ್ಟಿಯಾಯಿತೋ ಅಗ್ಗವಾಯಿತೋ ಅಂತ ತಿಳಿದುಕೊಳ್ಳುತ್ತಾರಂತೆ. ಚೀಲ ಹಿಡಿದು ಮಾರ್ಕೆಟ್ಟಿಂದ ಬರುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಆದರೆ ಅದು ಪಟ್ಟಿಯಲ್ಲಿ ಬರಬೇಕಲ್ಲ!

ಪಟ್ಟಿ ಬರೆಯುವವನು ಬೇರೆ ಊರಿಗೆ ವರ್ಗವಾಗಿದ್ದ. ದ್ಯಾವೀರಮ್ಮ ಪೊರಕೆ ಕೆಳಗಿಟ್ಟು ಸಾಹೇಬರ ಮುಂದೆ ನಿಂತಳು. ನಂಜರಾಜಯ್ಯ ಅಂತ ಸಾಹೇಬರು, ಸಾಧು ಮನುಷ್ಯ.

"ಸಾರ್, ನನ್ನ ಮಗನಿಗೆ ಅಕ್ಷರ ಮುತ್ತಿನಂಗೆ ಬರುತ್ತೆ."

"ಅಕ್ಷರ ಬರುತ್ತಮ್ಮ, ಬುದ್ಧಿ?"

ದ್ಯಾವೀರಮ್ಮ ಕೈಮುಗಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಏನನ್ನೂ ಕೇಳದವಳು ಕೇಳುತ್ತಿದ್ದಾಳೆ. ಸಾಹೇಬರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

"ಆಯ್ತು. ಸೋಮವಾರದಿಂದ ಶನಿವಾರದ ತನಕ ಕಳಿಸು. ಆರು ದಿನದಲ್ಲಿ ಒಂದೇ ಒಂದು ಸರಿಯಾದ ಪಟ್ಟಿ ತರಲಿ, ಕೆಲಸ ಅವನಿಗೇ. ತರಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ."

ಸೋಮವಾರ ಬೆಳಿಗ್ಗೆ ಸಾಹೇಬರು ಬೋರಲಿಂಗನ ಕೈಗೆ ಪಟ್ಟಿ ಕೊಟ್ಟು ಬಿಡಿಸಿ ಬಿಡಿಸಿ ಹೇಳಿದರು. "ಮಾರ್ಕೆಟ್ಟಿಗೆ ಹೋಗು. ಒಂದೊಂದು ತರಕಾರಿಯೂ ಎಷ್ಟು ಅಂತ ಕೇಳು. ಅವರ ಬಾಯಲ್ಲಿ ಏನು ಬರುತ್ತೋ ಅದನ್ನೇ ಬರಿ, ನಿನ್ನ ತಲೆಯಿಂದ ಒಂದಕ್ಷರ ಸೇರಿಸಬೇಡ. ಇನ್ನೊಂದು ವಿಷಯ. ನೀನು ಹೋಗೋದು ಕೇಳೋಕೆ, ಕೊಳ್ಳೋಕಲ್ಲ. ತಿಳೀತಾ?"

"ತಿಳೀತು ಸಾರ್!"

ದಾರಿಯುದ್ದಕ್ಕೂ ಹೇಳಿಕೊಂಡೇ ಹೋದ. ಕೇಳೋಕೆ, ಕೊಳ್ಳೋಕಲ್ಲ. ಕೇಳೋಕೆ, ಕೊಳ್ಳೋಕಲ್ಲ.

ಮಾರ್ಕೆಟ್ಟಿನ ಬಾಗಿಲಲ್ಲೇ ಗಂಗಹನುಮಕ್ಕನ ಜಾಗ. ಆಗ ತಾನೇ ಟೊಮೆಟೊ ಗುಡ್ಡೆ ಹಾಕಿ, ನೀರು ಚಿಮುಕಿಸಿ, ತಕ್ಕಡಿಗೆ ಊದುಬತ್ತಿ ಬೆಳಗಿ, ಇನ್ನೂ ಬೋಣಿಯಾಗದೆ ಕೂತಿದ್ದಳು. ಬೋಣಿ ಅಂದರೆ ದಿನದ ಮೊದಲ ಗಿರಾಕಿಯ ಮೊದಲ ಕಾಸು. ಅದು ಚೆನ್ನಾಗಿ ಬಿದ್ದರೆ ದಿನವೆಲ್ಲ ಚೆನ್ನಾಗಿರುತ್ತದೆ ಅಂತ ಅವಳ ನಂಬಿಕೆ, ಇಡೀ ಮಾರ್ಕೆಟ್ಟಿನ ನಂಬಿಕೆ.

"ಟೊಮೆಟೊ ಎಷ್ಟಕ್ಕ?"

"ಬಾರಪ್ಪ ಧರ್ಮರಾಯ! ನಲವತ್ತು ಕಣಪ್ಪ. ನಿನ್ನ ಕೈಯಾಗೆ ಬೋಣಿ ಆಗ್ಲಿ, ಮೂವತ್ತೈದು ಮಾಡ್ಕೊಡ್ತೀನಿ. ಎಷ್ಟು ಕೇಜಿ ಹಾಕ್ಲಿ?"

"ಕೇಳೋಕೆ ಬಂದೆ, ಕೊಳ್ಳೋಕಲ್ಲ!"

ಗಂಗಹನುಮಕ್ಕ ಎತ್ತಿದ್ದ ತಕ್ಕಡಿಯನ್ನು ಧೊಪ್ಪನೆ ಕೆಳಗಿಟ್ಟಳು. ಆಮೇಲೆ ಶುರುವಾಯಿತು. "ಬೋಣಿ ಹೊತ್ತಲ್ಲಿ ರೇಟು ಕೇಳಿ ಕೊಳ್ಳಲ್ಲ ಅಂತೀಯಾ? ನಿನ್ನ ಮನೆ ಹಾಳಾಗ! ನಿನ್ನ ಬಾಯಿ ಬಿದ್ದೋಗ!"

ಬೋರಲಿಂಗ ಪೆನ್ನು ತೆಗೆದು ನಿಧಾನವಾಗಿ ಬರೆದುಕೊಂಡ. ಮುಂದಿನ ಅಂಗಡಿಗೆ ಹೋದ. ಅಲ್ಲೂ ಬೋಣಿಯಾಗಿರಲಿಲ್ಲ. ಅದರ ಮುಂದಿನದಕ್ಕೆ ಹೋದ. ಹನ್ನೆರಡು ಅಂಗಡಿ, ಹನ್ನೆರಡು ಬಾಯಿ.

ಸಾಹೇಬರು ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು. "ಟೊಮೆಟೊ: ಬಾರಪ್ಪ ಧರ್ಮರಾಯ, ನಲವತ್ತು, ಮೂವತ್ತೈದು, ನಿನ್ನ ಮನೆ ಹಾಳಾಗ, ನಿನ್ನ ಬಾಯಿ ಬಿದ್ದೋಗ. ಬದನೆಕಾಯಿ: ಕಣ್ಣು ಕಾಣಲ್ವೇನಯ್ಯ. ಹುರುಳಿಕಾಯಿ: ಯಾವ ಗಳಿಗೇಲಿ ಎದ್ದೆನೋ. ಹಾಗಲಕಾಯಿ: ಥೂ." ಅಕ್ಷರ ಮಾತ್ರ ನಿಜವಾಗಿಯೂ ಮುತ್ತಿನಂತಿತ್ತು.

"ಏನಯ್ಯ ಇದು!"

"ಅವರ ಬಾಯಲ್ಲಿ ಬಂದಿದ್ದು ಸಾರ್. ನಾನು ಒಂದಕ್ಷರ ಸೇರಿಸಿಲ್ಲ."

ಸಂಜೆ ದ್ಯಾವೀರಮ್ಮ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು. "ಎಂಥ ಪೆದ್ದನ್ನ ಹೆತ್ತೆನಪ್ಪ ಶಿವನೇ! ಬೋಣಿ ಆಗ್ದೆ ರೇಟು ಕೇಳಬಾರದು ಕಣ್ಲಾ! ಸುಮ್ಕೆ ನಿಂತ್ಕೊ. ಮೊದಲನೇ ಗಿರಾಕಿ ದುಡ್ಡು ಕೊಡ್ಲಿ, ಅಂಗಡಿಯೋರು ಅದನ್ನ ಕಣ್ಣಿಗೊತ್ತಿಕೊಳ್ಳಲಿ. ಆಮೇಲೆ ಬಾಯಿ ಬಿಡು."

"ಅಷ್ಟೇ ತಾನೆ? ಮೊದಲೇ ಹೇಳಬಾರದಿತ್ತಾ ಅಮ್ಮ!"

ಮಂಗಳವಾರ ಸಾಹೇಬರು ಅವನನ್ನು ಮಾರ್ಕೆಟ್ಟಿಗೆ ಕಳಿಸಲಿಲ್ಲ. ಕಳಿಸಿದ್ದರೆ ಅಂಗಡಿಯವರು ಹಿಡಿದು ಬಡಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಗಾಜಿನ ಅಂಗಡಿಯಿದೆ, ತಣ್ಣಗೆ ಗಾಳಿ ಬಿಟ್ಟುಕೊಂಡು ತರಕಾರಿ ಮಾರುತ್ತಾರೆ, ಅಲ್ಲಿಗೆ ಕಳಿಸಿದರು. ಬೋರಲಿಂಗ ಹೇಳಿಕೊಂಡು ಹೋದ. ಕೇಳೋಕೆ, ಕೊಳ್ಳೋಕಲ್ಲ. ಬೋಣಿ ಆಗ್ಲಿ, ಕಣ್ಣಿಗೊತ್ತಿಕೊಳ್ಳಲಿ.

ದುಡ್ಡು ಕಟ್ಟಿಸಿಕೊಳ್ಳುವ ಹುಡುಗಿಯ ಪಕ್ಕದಲ್ಲಿ ಕೈಕಟ್ಟಿ ನಿಂತ. ಒಬ್ಬ ಬಂದ, ಮೊಬೈಲು ತೋರಿಸಿದ, ಮಿಷನ್ನು ಕುಂಯ್ ಅಂತು, ಚೀಲ ಎತ್ತಿಕೊಂಡು ಹೋದ. ಒಬ್ಬಳು ಬಂದಳು, ಕಾರ್ಡು ಉಜ್ಜಿದಳು, ಮಿಷನ್ನು ಕುಂಯ್ ಅಂತು, ಹೋದಳು. ದುಡ್ಡೂ ಇಲ್ಲ, ಕಣ್ಣಿಗೊತ್ತಿಕೊಳ್ಳುವುದೂ ಇಲ್ಲ! ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಬೋರಲಿಂಗನಿಗೆ ಅಯ್ಯೋ ಅನ್ನಿಸಿತು. ಇಷ್ಟು ದೊಡ್ಡ ಅಂಗಡಿ, ಒಂದು ಬೋಣಿ ಇಲ್ಲವಲ್ಲ!

ಬಂದ ಗಿರಾಕಿಗಳಿಗೆಲ್ಲ ಪಿಸುಗುಟ್ಟತೊಡಗಿದ. "ಏನಾದ್ರೂ ದುಡ್ಡು ಕೊಡ್ರಣ್ಣ, ಪಾಪ, ಬೆಳಗಿಂದ ಬೋಣಿಯಾಗಿಲ್ಲ."

ಮ್ಯಾನೇಜರು ಓಡಿ ಬಂದ. "ಯಾರ್ರೀ ನೀವು? ಅರವತ್ತು ಸಾವಿರದ ವ್ಯಾಪಾರ ಆಗಿದೆ!"

"ಧೈರ್ಯ ತಗೊಳ್ಳಿ ಸಾರ್, ಎಲ್ಲರಿಗೂ ಕಷ್ಟ ಬರುತ್ತೆ."

ಕಾವಲಿನವನು ರಟ್ಟೆ ಹಿಡಿದು ಹೊರಗೆ ಬಿಟ್ಟ. ಐದು ಗಂಟೆಗೆ ಪಟ್ಟಿ ಸಾಹೇಬರ ಮೇಜಿಗೆ ಬಂತು. ಹನ್ನೆರಡು ತರಕಾರಿ, ಹನ್ನೆರಡರ ಮುಂದೆಯೂ ಒಂದೇ ಮಾತು. ಬೋಣಿ ಆಗಿಲ್ಲ.

ಸಾಹೇಬರು ಪಟ್ಟಿ ಹರಿದರು. "ಅಲ್ಲಿ ತರಕಾರಿ ಮೇಲೆ ಚೀಟಿ ಅಂಟಿಸಿರ್ತಾರಲ್ಲೋ! ಯಾರನ್ನೂ ಕಾಯಬೇಡ, ಯಾರನ್ನೂ ಕೇಳಬೇಡ. ಏನು ಬರೆದಿರುತ್ತೋ ಅದನ್ನ ನೋಡಿ ಬರಿ. ಬರೆದಿರೋದೇ ರೇಟು!"

"ಅಷ್ಟೇ ತಾನೆ ಸಾರ್? ಮೊದಲೇ ಹೇಳಬಾರದಿತ್ತಾ!"

ಬುಧವಾರ ಸಾಹೇಬರಿಗೆ ಮೀಟಿಂಗು. ಗಾಜಿನ ಅಂಗಡಿಯ ಕಾವಲಿನವನು ಒಳಗೆ ಬಿಡಲಿಲ್ಲ, ಬೋರಲಿಂಗ ಬಡಾವಣೆಯ ಬೀದಿಗೆ ಹೋದ. ಅಲ್ಲಿ ಮಸ್ತಾನಣ್ಣ ಗಾಡಿ ತಳ್ಳಿಕೊಂಡು ತರಕಾರಿ ಮಾರುತ್ತಾನೆ. ಅವನ ಗಾಡಿಯಲ್ಲಿ ಚೀಟಿಯೂ ಇಲ್ಲ, ಹಲಗೆಯೂ ಇಲ್ಲ, ಇರುವುದೆಲ್ಲ ಅವನ ಗಂಟಲಲ್ಲಿ. "ಟಮಾಟೆ ನಲವತ್ತಾ! ಈರುಳ್ಳಿ ಮೂವತ್ತಾ!" ಅಂತ ಮಸ್ತಾನಣ್ಣ ಬೀದಿ ನಡುಗುವ ಹಾಗೆ ಕೂಗುತ್ತಿದ್ದಾನೆ. ಬೋರಲಿಂಗ ಎರಡೂ ಕಿವಿ ಮುಚ್ಚಿಕೊಂಡ. ಕೂಗಿದ್ದು ರೇಟಲ್ಲ, ಬರೆದಿರುವುದು ರೇಟು!

ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಹುಡುಕಿದ. ಟೊಮೆಟೊ ತುಂಬಿದ ಕ್ರೇಟಿನ ಮೇಲೆ ಸಗಟು ಮಂಡಿಯವನು ಬಣ್ಣದಲ್ಲಿ ತನ್ನ ಗುರುತು ಬರೆದಿದ್ದ: 307. ಸರಿ, ಟೊಮೆಟೊ 307. ಈರುಳ್ಳಿ ಮೂಟೆಯ ಮೇಲೆ: 50 ಕೇಜಿ. ಸರಿ, ಈರುಳ್ಳಿ 50 ಕೇಜಿ. ಕೋಸನ್ನು ಹಳೇ ಸಿಮೆಂಟು ಚೀಲದ ಮೇಲೆ ಇಟ್ಟಿದ್ದ. ಸರಿ, ಕೋಸು: ಒದ್ದೆ ಆಗದಂತೆ ಇಡಿ. ಕ್ಯಾರೆಟ್ಟಿನ ಹತ್ತಿರ ಏನೂ ಬರೆದಿರಲಿಲ್ಲ. ತಲೆಯೆತ್ತಿದರೆ ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಕ್ಯಾರೆಟ್: ಇಲ್ಲಿ ಮೂತ್ರ ಮಾಡಬಾರದು.

ಕಚೇರಿಯಲ್ಲಿ ಸಾಹೇಬರಿಲ್ಲ. ಬೋರ್ಡು ಬರೆಯುವವನು ಜವಾನ ಪಾಪಣ್ಣ. ಪಟ್ಟಿಯಲ್ಲಿ ಏನಿದೆಯೋ ಅದನ್ನು ಇಳಿಸುವುದಷ್ಟೇ ಅವನ ಕೆಲಸ, ಓದುವುದು ಅವನ ಕೆಲಸವಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕರೀ ಬೋರ್ಡಿನ ಮೇಲೆ ಟೊಮೆಟೊ 307 ಅಂತ ಸೀಮೆಸುಣ್ಣದಲ್ಲಿ ಬಿತ್ತು. ಎರಡೂವರೆಗೆ ಸುದ್ದಿ ಮಾರ್ಕೆಟ್ಟಿಗೆ ಮುಟ್ಟಿತು. ಮೂರಕ್ಕೆ ಗಂಗಹನುಮಕ್ಕ ಟೊಮೆಟೊ ಎಂಬತ್ತು ಅಂದಳು.

ಸಂಜೆ ಅಲ್ಲಿಗೆ ಬಂದ ದ್ಯಾವೀರಮ್ಮ ಬೆಚ್ಚಿಬಿದ್ದಳು. "ಇದೇನಕ್ಕ ಅನ್ಯಾಯ! ಬೆಳಿಗ್ಗೆ ನಲವತ್ತಿತ್ತಲ್ಲ!"

"ಆಫೀಸಿನೋರೇ ಮುನ್ನೂರ ಏಳು ಅಂದವ್ರೆ. ಪಾಪ, ಬಡವರು ತಿನ್ಲಿ ಅಂತ ನಾನು ಎಂಬತ್ತಕ್ಕೆ ಕೊಡ್ತಿವ್ನಿ!"

ಮನೆಯಲ್ಲಿ ಅವತ್ತು ಹುಣಸೆಹಣ್ಣಿನ ಸಾರು. ಬಡಿಸುತ್ತ ಬಡಿಸುತ್ತ ಬೈದಳು, ಬೈಯುತ್ತ ಬೈಯುತ್ತ ಬುದ್ಧಿ ಹೇಳಿದಳು. "ಎಂಥ ಪೆದ್ದನ್ನ ಹೆತ್ತೆನಪ್ಪ ಶಿವನೇ! ಬರೆದಿದ್ದೂ ರೇಟಲ್ಲ, ಬಾಯಲ್ಲಿ ಮೊದಲು ಹೇಳೋದೂ ರೇಟಲ್ಲ. ಚೌಕಾಸಿ ಮಾಡ್ಬೇಕು ಕಣ್ಲಾ! ಎಷ್ಟೇ ಹೇಳಲಿ, ಜಾಸ್ತಿ ಆಯ್ತು ಅನ್ನು. ಅರ್ಧಕ್ಕೆ ಕೇಳು. ಕೊಡಲ್ಲ ಅಂದ್ರೆ ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡಿ. ತಿರುಗಿ ಮಾತ್ರ ನೋಡ್ಬೇಡ. ಅವ್ರೇ ಕೂಗಿ ಕರೀತಾರೆ. ಕರೆದ ಮೇಲೆ ಹೋಗಿ, ಇಳಿದ ರೇಟು ಬರ್ಕೊ."

"ಯಾರಾದ್ರೂ ಕರೆದ್ರೆ ಹೋಗಬಹುದಾ ಅಮ್ಮ?"

"ಯಾರಾದ್ರೂ ಅಲ್ಲ! ಮಾರೋರೇ ಕರೀಬೇಕು."

ಗುರುವಾರ ಅವನ ಪಾಲಿಗೆ ಬಂದದ್ದು ಸರ್ಕಲ್ಲಿನ ಪಕ್ಕದ ಸಹಕಾರಿ ಮಳಿಗೆ. ಅಲ್ಲಿ ಒಂದೇ ದರ, ಒಂದು ಪೈಸೆ ಹೆಚ್ಚಿಲ್ಲ, ಒಂದು ಪೈಸೆ ಕಮ್ಮಿಯಿಲ್ಲ. ಮಳಿಗೆಯವನು ಟೊಮೆಟೊ ಮೂವತ್ತೆಂಟು ಅಂದ.

"ಜಾಸ್ತಿ ಆಯ್ತು! ಹತ್ತೊಂಬತ್ತಕ್ಕೆ ಕೊಡು!"

"ಇಲ್ಲಿ ಚೌಕಾಸಿ ಇಲ್ಲ ಸ್ವಾಮಿ."

"ಕೊಡಲ್ವಾ?"

"ಕೊಡಲ್ಲ."

ಬೋರಲಿಂಗ ಬೆನ್ನು ತಿರುಗಿಸಿದ. ಒಂದು, ಎರಡು, ಮೂರು. ಹತ್ತನೆಯ ಹೆಜ್ಜೆ ಸರ್ಕಲ್ಲಿನ ನಟ್ಟನಡುವೆ ಬಿತ್ತು. ಅಲ್ಲೇ ನಿಂತ. ಮಳಿಗೆಯವನು ಕರೆಯಲಿಲ್ಲ. ಬೋರಲಿಂಗ ತಿರುಗಿ ನೋಡಲಿಲ್ಲ. ಎಡಗಡೆ ಸಿಟಿ ಬಸ್ಸು ನಿಂತಿತು, ಬಲಗಡೆ ಹಾಲಿನ ಲಾರಿ ನಿಂತಿತು, ಹಿಂದೆ ಆಟೋಗಳು ಸಾಲುಗಟ್ಟಿದವು. ಪೊಲೀಸಿನವನು ಸೀಟಿ ಊದಿ ಊದಿ ಕೆಂಪಗಾದ.

"ಏಯ್, ಆಚೆ ಬಾರಯ್ಯ!"

"ನೀವು ಕರೆದ್ರೆ ಬರೋ ಹಾಗಿಲ್ಲ ಸಾರ್. ಮಾರೋರು ಕರೀಬೇಕು."

ಪೊಲೀಸಿನವನೇ ಮಳಿಗೆಗೆ ಓಡಿದ. "ನಿಮಗೆ ಕೈ ಮುಗೀತೀನಿ, ಅವನನ್ನ ಕರೀರಿ! ಬಸ್ಸಲ್ಲಿ ಬಸುರಿ ಹೆಂಗಸಿದ್ದಾಳೆ!"

ಮಳಿಗೆಯವನು ಹೊರಗೆ ಬಂದು ಕೂಗಿದ. "ಬಾರಪ್ಪೋ! ಏನಾದ್ರೂ ಕೊಡು, ಬಾ!"

ಬೋರಲಿಂಗ ಗೆದ್ದವನ ಹಾಗೆ ತಿರುಗಿದ. ಅವತ್ತಿನ ಪಟ್ಟಿ ಹೀಗಿತ್ತು. ಟೊಮೆಟೊ: ಏನಾದ್ರೂ. ಬದನೆಕಾಯಿ: ಏನಾದ್ರೂ. ಹಾಗೇ ಹನ್ನೆರಡಕ್ಕೂ ಏನಾದ್ರೂ.

"ಇನ್ನು ಮೇಲೆ ಬಾಯೇ ಬಿಡಬೇಡ!" ಸಾಹೇಬರು ಮೇಜು ಗುದ್ದಿದರು. "ಏನೇ ಆಗಲಿ ತುಟಿ ಬಿಚ್ಚಬೇಡ! ಪಕ್ಕದಲ್ಲಿ ನಿಂತು, ಗಿರಾಕಿ ಏನು ಕೊಟ್ಟು ಏನು ತಗೊಂಡ ನೋಡು, ಬರಿ, ಬಾ."

ಶುಕ್ರವಾರ ಬೋರಲಿಂಗ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಗಂಗಹನುಮಕ್ಕನ ಪಕ್ಕ ನಿಂತ. ಟೀ ಅಂಗಡಿಯವನು ಬಂದು ಅರ್ಧ ಲೋಟ ಟೀ ಇಟ್ಟು ಒಂದು ನಿಂಬೆಹಣ್ಣು ಎತ್ತಿಕೊಂಡು ಹೋದ. ನಿಂಬೆಹಣ್ಣು: ಅರ್ಧ ಲೋಟ ಟೀ. ಒಬ್ಬಾಕೆ ಹುರುಳಿಕಾಯಿ ಕೊಂಡು, "ಇಷ್ಟು ಕೊಂಡಿದ್ದೀನಿ, ಮೇಲೊಂದಿಷ್ಟು ಕೊಸರು ಹಾಕಲ್ವಾ?" ಅಂತ ಜಗಳ ತೆಗೆದು, ಒಂದು ಹಿಡಿ ಕೊತ್ತಂಬರಿ ಕಿತ್ತುಕೊಂಡೇ ಹೋದಳು. ಕೊತ್ತಂಬರಿ: ಒಂದು ಜಗಳ. ಪರಿಚಯದ ಹೆಂಗಸೊಬ್ಬಳು ಸುಮ್ಮನೆ ನಕ್ಕಳು, ಗಂಗಹನುಮಕ್ಕ ಕರಿಬೇವು ಹಾಕಿದಳು. ಕರಿಬೇವು: ನಗು.

ಆಗ ಗಂಗಹನುಮಕ್ಕ ಇವನ ಮುಖ ನೋಡಿದಳು. "ನೀನು ಸೋಮವಾರದವನಲ್ವಾ? ಏನು ಬಂದೆ?"

ಬೋರಲಿಂಗ ತುಟಿ ಬಿಚ್ಚಲಿಲ್ಲ.

"ಮಾತಾಡಪ್ಪ!"

ಇಲ್ಲ. ಭುಜ ಹಿಡಿದು ಅಲ್ಲಾಡಿಸಿದಳು. ಇಲ್ಲ. ಗಂಗಹನುಮಕ್ಕನಿಗೆ ನೆನಪಾಯಿತು. ಸೋಮವಾರ ತಾನೇನು ಅಂದಿದ್ದೆ? ನಿನ್ನ ಬಾಯಿ ಬಿದ್ದೋಗ ಅಂದಿದ್ದೆ. ಬಿದ್ದೇ ಹೋಯಿತಲ್ಲ! "ಅಯ್ಯೋ ಪಾಪಿ ನಾಲಿಗೆ! ನನ್ನ ಶಾಪ ತಗುಲಿಬಿಡ್ತಲ್ಲೋ ಕಂದ!" ಅಂತ ಅಳುತ್ತ, ಕರ್ಚೀಫು ಸರಿಸಿ ಮಜ್ಜಿಗೆ ಕುಡಿಸಿದಳು. ಅವನು ಕುಡಿದ. ಮಾತು ಮಾತ್ರ ಆಡಲಿಲ್ಲ.

ಆ ಪಟ್ಟಿ ನೋಡಿ ಸಾಹೇಬರು ಬೈಯಲೂ ಇಲ್ಲ. ಮೆಲ್ಲಗೆ ದ್ಯಾವೀರಮ್ಮನನ್ನು ಕರೆದರು. "ನಾಳೆ ಶನಿವಾರ ಕಣಮ್ಮ" ಅಂದರು. ಅಷ್ಟೇ. ದ್ಯಾವೀರಮ್ಮನಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಮಗನ ಕೈಹಿಡಿದು, ಮಂಡಿ ಎಳೆಯುತ್ತ, ಗಂಗಹನುಮಕ್ಕನ ಮುಂದೆ ತಂದು ನಿಲ್ಲಿಸಿದಳು.

"ಅಕ್ಕ, ಇವನು ನನ್ನ ಮಗ. ಇವತ್ತು ಇವನು ಸರಿಯಾಗಿ ಬರೀಲಿಲ್ಲ ಅಂದ್ರೆ ನಾಳೆ ನಾನು ಸತ್ತ ಮೇಲೆ ಇವನಿಗೆ ದಿಕ್ಕಿಲ್ಲ." ಮಗನ ಕಡೆ ತಿರುಗಿದಳು. "ಮಾತಾಡ್ಲಾ!"

"ಏನು ಮಾತಾಡ್ಲಮ್ಮ?" ಅಂದ ಬೋರಲಿಂಗ.

"ಬಾಯಿ ಬಂತು!" ಗಂಗಹನುಮಕ್ಕ ಎದ್ದು ಅವನಿಗೆ ದೃಷ್ಟಿ ನಿವಾಳಿಸಿದಳು. ಆ ಸಂತೋಷಕ್ಕೆ ಬೋಣಿಯನ್ನೂ ಮರೆತಳು, ಚೌಕಾಸಿಯನ್ನೂ ಮರೆತಳು. ಹನ್ನೆರಡು ತರಕಾರಿಗೆ ಅವತ್ತು ಜನ ನಿಜವಾಗಿ ಕೊಡುತ್ತಿದ್ದ ಹನ್ನೆರಡು ರೇಟನ್ನು ಬೆರಳು ಮಡಿಸಿ ಹೇಳಿದಳು. ದ್ಯಾವೀರಮ್ಮ ಒಂದೊಂದನ್ನೂ ಮತ್ತೆ ಹೇಳಿದಳು. ಬೋರಲಿಂಗ ಬರೆದ. ಟೊಮೆಟೊ ಮೂವತ್ತಾರು. ಬದನೆಕಾಯಿ ನಲವತ್ತು. ಒಂದೂ ತಪ್ಪಿಲ್ಲ!

ಸಾಹೇಬರು ಪಟ್ಟಿಯನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು. ಬಾಗಿಲ ಬಳಿ ದ್ಯಾವೀರಮ್ಮ ಪೊರಕೆ ಎದೆಗವಚಿಕೊಂಡು ನಿಂತಿದ್ದಳು.

"ಶಹಭಾಸ್! ಕೆಲಸ ನಿನಗೇ ಕಣಯ್ಯ. ತಿಂಗಳಿಗೆ ಹನ್ನೆರಡು ಸಾವಿರ!"

ಬೋರಲಿಂಗ ಸಾಹೇಬರನ್ನು ನೋಡಿದ. ಮುಖ ಸಿಂಡರಿಸಿದ.

"ಜಾಸ್ತಿ ಆಯ್ತು. ಆರಕ್ಕೆ ಕೊಡಿ."

"ಏನು?"

"ಆರು!"

"ಹನ್ನೆರಡು ಕಣಯ್ಯ! ಅದು ಮೇಲಿನವರು ಗೊತ್ತು ಮಾಡಿರೋದು!"

"ಕೊಡಲ್ವಾ?" ಬೋರಲಿಂಗ ಬೆನ್ನು ತಿರುಗಿಸಿದ. ಒಂದು, ಎರಡು, ಮೂರು. ಬಾಗಿಲು ದಾಟಿದ, ಮೆಟ್ಟಿಲಿಳಿದ. ಹತ್ತಕ್ಕೆ ಅಂಗಳದಲ್ಲಿ ನಿಂತ.

"ಬಾರೋ ಒಳಗೆ!" ಅಂತ ದ್ಯಾವೀರಮ್ಮ ಕಿರುಚಿದಳು. ಅವನು ತಿರುಗಲಿಲ್ಲ. ಯಾರಾದರೂ ಕರೆದರೆ ಆಗದು, ಮಾರುವವರೇ ಕರೆಯಬೇಕು. ತಾನೇ ಹೇಳಿಕೊಟ್ಟ ಬುದ್ಧಿ ಅದು! ದ್ಯಾವೀರಮ್ಮ ಸಾಹೇಬರ ಮೇಜು ಹಿಡಿದುಕೊಂಡಳು.

"ನೀವೇ ಕೂಗಿ ಸಾರ್! ಆರಕ್ಕೆ ಒಪ್ಪಿದೆ ಅಂತ ಕೂಗಿ!"

"ಹನ್ನೆರಡು ಕೊಡ್ತೀನಿ ಅಂತಿದ್ದೀನಲ್ಲಮ್ಮ!"

"ಹನ್ನೆರಡು ಅಂದ್ರೆ ಅವನು ಬರಲ್ಲ ಸಾರ್! ನಿಮ್ಮ ಕಾಲಿಗೆ ಬೀಳ್ತೀನಿ, ಆರು ಅನ್ನಿ!"

ಮೂವತ್ತು ವರ್ಷ ಊರಿನ ರೇಟನ್ನೆಲ್ಲ ಬರೆಸಿದ ನಂಜರಾಜಯ್ಯನವರು ಜಗಲಿಗೆ ಬಂದು, ಆಚೆ ಈಚೆ ನೋಡಿ, ಕೈಯೆತ್ತಿ ಕೂಗಿದರು. "ಬಾರಪ್ಪೋ! ಆರಕ್ಕೇ ಬಾ!"

ಬೋರಲಿಂಗ ಓಡೋಡಿ ಬಂದ. ಮೇಜಿನ ಮೇಲಿದ್ದ ಪಟ್ಟಿಯನ್ನು ಎಳೆದುಕೊಂಡು, ಹನ್ನೆರಡನೆಯ ತರಕಾರಿಯ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಬರೆದ. ನೌಕರಿ: ಆರು ಸಾವಿರ. ಪೆನ್ನು ಜೇಬಿಗೆ ಸಿಕ್ಕಿಸಿ ಹೊರಟ.

"ಎಲ್ಲಿಗೆ ಹೋಗ್ತೀಯೋ! ಕೆಲಸ ತಗೊಳ್ಳೋ!"

"ಕೇಳೋಕೆ, ಕೊಳ್ಳೋಕಲ್ಲ" ಅಂದ ಬೋರಲಿಂಗ. "ಸಾಹೇಬ್ರೇ ಹೇಳಿದ್ದಾರಲ್ಲಮ್ಮ." ಹೋಗಿಯೇ ಹೋದ.

ಸಾಹೇಬರು ತಲೆ ಹಿಡಿದುಕೊಂಡು ಮನೆಗೆ ಹೋದರು. ಪಾಪಣ್ಣ ಎಂದಿನಂತೆ ಪಟ್ಟಿಯನ್ನು ಬೋರ್ಡಿಗೆ ಇಳಿಸಿದ. ಹನ್ನೆರಡನೆಯ ನುಗ್ಗೆಕಾಯಿಯ ಕೆಳಗೆ ನೌಕರಿ ಆರು ಸಾವಿರ ಅಂತ ಊರೆಲ್ಲ ಓದಿತು.

ಸೋಮವಾರ ಬೆಳಿಗ್ಗೆ ಸಾಹೇಬರು ಬರುವ ಹೊತ್ತಿಗೆ ಕಚೇರಿ ಮುಂದೆ ಮಾರುದ್ದದ ಸಾಲು. ನೌಕರಿ ಕೊಳ್ಳಲು ಬಂದವರು! ಎಲ್ಲರಿಗಿಂತ ಮುಂದೆ, ಮೇಲಿನ ಮೆಟ್ಟಿಲಲ್ಲಿ, ಕೋಳಿ ಕೂಗುವ ಮೊದಲೇ ಬಂದು ಕೂತಿದ್ದವಳು ದ್ಯಾವೀರಮ್ಮ. ಕೈಯಲ್ಲಿ ಖಾಲಿ ಚೀಲ.

"ಬೋಣಿ ಸಾರ್" ಅಂದಳು. "ಮೊದಲನೇ ಗಿರಾಕಿ. ಬರಿಗೈಲಿ ಕಳಿಸಬೇಡಿ."

ಸಾಹೇಬರು ಅವಳ ಮುಖ ನೋಡಿದರು, ಚೀಲ ನೋಡಿದರು, ಊದಿದ ಮಂಡಿ ನೋಡಿದರು. ಅವತ್ತು ಜಗಲಿಯಲ್ಲಿ ನಿಂತು ಕೂಗಿದ ಮೇಲೆ ಅವರೂ ಅಂಗಡಿಯವರೇ ಅಲ್ಲವೇ? ಬೋಣಿ ಗಿರಾಕಿಯನ್ನು ಹಿಂದಕ್ಕೆ ಕಳಿಸುವುದುಂಟೇ? ಕೆಲಸದ ಆರ್ಡರು ತೆಗೆದು, ಬೋರಲಿಂಗನ ಹೆಸರು ಬರೆದು, ಹನ್ನೆರಡು ಸಾವಿರ ಅಂತಲೇ ಬರೆದು, ಸಹಿ ಹಾಕಿ ಚೀಲಕ್ಕೆ ಹಾಕಿದರು. ದ್ಯಾವೀರಮ್ಮ ಅದನ್ನು ತೆಗೆದು ಎರಡೂ ಕಣ್ಣಿಗೊತ್ತಿಕೊಂಡಳು. ಕಣ್ಣೀರು ಕಾಗದಕ್ಕೆ ತಾಗದ ಹಾಗೆ ಒರೆಸಿಕೊಂಡಳು.

ಮೆಟ್ಟಿಲಿಳಿದರೆ ಕೆಳಗೆ ಮಗ ಪೆನ್ನು ಹಿಡಿದು ನಿಂತಿದ್ದಾನೆ.

"ಬೋಣಿ ಆಯ್ತಾ ಅಮ್ಮ?"

"ಆಯ್ತು ಕಣಪ್ಪ! ನಿನ್ನ ಕೆಲಸ ತಂದೆ ಕಣೋ!"

"ಎಷ್ಟಕ್ಕೆ ತಗೊಂಡೆ?"

"ಹನ್ನೆರಡು ಸಾವಿರಕ್ಕೆ!"

ಬೋರಲಿಂಗನ ಕೈಯಿಂದ ಪೆನ್ನು ಜಾರಿ ಬಿತ್ತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹಣೆ ಹಣೆ ಚಚ್ಚಿಕೊಂಡ.

"ಹನ್ನೆರಡಾ! ನಾನು ಅಷ್ಟು ಕಷ್ಟಪಟ್ಟು ಆರಕ್ಕೆ ಇಳಿಸಿ ಇಟ್ಟಿದ್ದೆನಲ್ಲಮ್ಮ! ನೋಡು, ಬೋರ್ಡಲ್ಲೇ ಬರೆದೈತೆ! ಜಾಸ್ತಿ ಆಯ್ತು ಅನ್ನೋಕೆ ಏನಾಗಿತ್ತು ನಿನಗೆ? ಹತ್ತು ಹೆಜ್ಜೆ ನಡಿಯೋಕೆ ಏನಾಗಿತ್ತು? ಎಂಥ ಪೆದ್ದಿ ಹೊಟ್ಟೇಲಿ ಹುಟ್ಟಿದೆನಪ್ಪ ಶಿವನೇ! ಕೊಡು ಇಲ್ಲಿ ಚೀಲ, ಹಿಂದಕ್ಕೆ ಕೊಟ್ಟು ಬರ್ತೀನಿ!"

ದ್ಯಾವೀರಮ್ಮ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ಹೋದ ಮಂಡಿಯನ್ನೂ ಮರೆತು, ಮಾರ್ಕೆಟ್ಟಿನ ದಾರಿ ಹಿಡಿದು ಓಡಿದಳು. ಹಿಂದೆ ಮಗ "ನಿಲ್ಲಮ್ಮ! ಮೋಸ ಹೋದೆ ಕಣಮ್ಮ!" ಅಂತ ಕೂಗುತ್ತಿದ್ದ. ಹತ್ತು ಹೆಜ್ಜೆಯಾಯಿತು, ನೂರು ಹೆಜ್ಜೆಯಾಯಿತು, ಅವಳು ತಿರುಗಿ ನೋಡಲಿಲ್ಲ.

ಅವಳಿಗೆ ಹನ್ನೆರಡು, ಅವನಿಗೆ ಆರು, ಇಷ್ಟು ಹೊತ್ತು ಕೂತು ಕೇಳಿದ ನಿಮಗೆ ಒಂದು ಹಿಡಿ ಕೊತ್ತಂಬರಿ ಕೊಸರು.